ಹರಿದ ಧಮನಿಗೆ ಒಳಗಿನ ಆಸರೆ



ಹಳೆಯ ಕೋಟಿನ ಅಸ್ತರು ಹರಿದಿದ್ದರೆ, ತೋಳಿಗೆ ತೂರಿಸಿದ ಕೈ ಬಟ್ಟೆಗೂ ಅಸ್ತರಿಗೂ ನಡುವೆ ಸಿಕ್ಕಿಕೊಳ್ಳುವುದುಂಟು. ಮಿದುಳಿಗೆ ರಕ್ತವನ್ನು ಒಯ್ಯುವ ಧಮನಿಗಳಲ್ಲಿಯೂ ಒಮ್ಮೊಮ್ಮೆ ಹೀಗೆಯೇ ಆಗುತ್ತದೆ. ಧಮನಿಯ ಗೋಡೆಗೆ ಮೂರು ಪದರಗಳಿವೆ. ಒಳಪದರವು ಸೀಳಿದಾಗ ರಕ್ತವು ತನ್ನ ದಾರಿ ಬಿಟ್ಟು ಪದರಗಳ ನಡುವೆ ನುಗ್ಗುತ್ತದೆ. ತಲೆಬುರುಡೆಯೊಳಗಿನ ಧಮನಿಗಳ ಹೊರಪದರ ಬಲು ತೆಳು. ಅದೂ ಬಿರಿದರೆ ರಕ್ತವು ಮಿದುಳಿನ ಸುತ್ತ ಹರಡಿ ಪ್ರಾಣಕ್ಕೆ ಸಂಚಕಾರ ಒದಗುತ್ತದೆ. ಕತ್ತಿನ ಹಿಂಬದಿಯಿಂದ ಏರುವ ವರ್ಟಿಬ್ರಲ್ ಧಮನಿಗಳಲ್ಲಿ ಇದು ಹೆಚ್ಚು. 40, 50ರ ಆಸುಪಾಸಿನ, ಸಂಸಾರಭಾರ ಹೊತ್ತವರೇ ಬಹುಮಟ್ಟಿಗೆ ಇದಕ್ಕೆ ತುತ್ತಾಗುವರು.

ಸೀಳಿದ ಭಾಗವನ್ನು ಮುಚ್ಚಿಬಿಡುವುದು ಒಂದು ಉಪಾಯ. ಆದರೆ ಅಲ್ಲಿಂದಲೇ ಮುಖ್ಯ ಕವಲೊಂದು ಹೊರಟಿದ್ದರೆ ಮುಚ್ಚುವಂತಿಲ್ಲ. ಕಾಲುವೆಯ ದಂಡೆ ಒಡೆಯಿತೆಂದು ತೂಬನ್ನೇ ಮುಚ್ಚಿದರೆ ಕೆಳಗಿನ ಗದ್ದೆ ಒಣಗುವುದಷ್ಟೆ! ಇಂಥಲ್ಲಿ ನೆರವಿಗೆ ಬರುವುದು ಸ್ಟೆಂಟ್ ಎಂಬ ಲೋಹದ ಬಲೆಯ ಕೊಳವೆ.

1927ರಲ್ಲಿ ಪೋರ್ಚುಗಲ್ಲಿನ ಎಗಾಸ್ ಮೋನಿಜ್ ಎಂಬ ವೈದ್ಯರು ಜೀವಂತ ಮನುಷ್ಯನ ಮಿದುಳಿನ ಧಮನಿಗಳನ್ನು ಎಕ್ಸ್‌ರೇಯಲ್ಲಿ ಕಾಣಿಸಿದರು. 1964ರಲ್ಲಿ ಅಮೆರಿಕದ ಚಾರ್ಲ್ಸ್ ಡಾಟರ್ ಕಾಲಿನ ಧಮನಿಯನ್ನು ಒಳಗಿನಿಂದಲೇ ಅಗಲಿಸಿದರು. ಇವೆರಡೂ ಕೂಡಿದ ವಿದ್ಯೆಯಿದು. ತೊಡೆಸಂದಿನ ಅಥವಾ ಮಣಿಕಟ್ಟಿನ ಧಮನಿಯಿಂದ ಸಣ್ಣ ನಳಿಕೆಯನ್ನು ತೂರಿಸಿ, ಎಕ್ಸ್‌ರೇ ನೋಡುತ್ತ, ಸೀಳಿದ ತಾಣದಲ್ಲಿ ಬಲೆಯನ್ನು ಬಿಡಿಸುತ್ತಾರೆ, ತಲೆಬುರುಡೆ ತೆರೆಯಬೇಕಿಲ್ಲ. ಬಲೆಯು ರಕ್ತವನ್ನು ನಿಜವಾದ ದಾರಿಯಲ್ಲಿ ನಡೆಸುತ್ತದೆ. ಪದರಗಳ ನಡುವಿನ ರಕ್ತವು ಹೆಪ್ಪುಗಟ್ಟಿ, ತಿಂಗಳುಗಳಲ್ಲಿ ಬಲೆಯ ಮೇಲೆ ಹೊಸ ಒಳಪದರ ಬೆಳೆಯುತ್ತದೆ.

ಆದರೆ ತೊಡಕಿಲ್ಲದಿಲ್ಲ. ಬಲೆಯಲ್ಲಿ ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್ ಮೊದಲಾದ ಔಷಧಗಳು ಬೇಕು. ಅವೇ ಔಷಧಗಳು ರಕ್ತಸ್ರಾವವನ್ನು ಹೆಚ್ಚಿಸಬಲ್ಲವು. ಹರಿವನ್ನು ತಿರುಗಿಸಿದೊಡನೆ ಸೀಳು ಪೂರ್ಣವಾಗಿ ಮುಚ್ಚುವುದೂ ಇಲ್ಲ. ಆದ್ದರಿಂದ ವೈದ್ಯರು ರೋಗಿರೋಗಿಗೂ ತೂಗಿನೋಡಿ ನಿರ್ಧರಿಸತಕ್ಕದ್ದು.

ಇಷ್ಟೆಲ್ಲ ವಿದ್ಯೆ ಕೈಗೂಡಬೇಕಾದರೆ ರೋಗಿಯು ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಸೇರಬೇಕು. ಒಮ್ಮೆ ಬಿರಿದ ಧಮನಿ ಮತ್ತೆ ಬಿರಿಯುವ ಭಯ ಮೊದಲ ದಿನದಲ್ಲಿಯೇ ಅತಿ ಹೆಚ್ಚು. ಎಂದೂ ಕಾಣದಂಥ ತಲೆನೋವು ಸಿಡಿಲಿನಂತೆ ಎರಗಿದರೆ, ಹಿಂಗತ್ತು ನೋಯುತ್ತ ವಾಂತಿಯಾದರೆ, ಎಚ್ಚರ ತಪ್ಪಿದರೆ, ಪಿತ್ತವೆಂದು ಕಷಾಯ ಕುಡಿಸುತ್ತ ಬೆಳಗಾಗಲೆಂದು ಕಾಯಬೇಡಿ. ಆಸ್ಪಿರಿನ್ ಗುಳಿಗೆಯನ್ನು ನೀವಾಗಿ ಕೊಡಲೂಬೇಡಿ. ಗಡಿನಾಡಿನ ನಮಗೆ, ನಮ್ಮ ಮಾತು ಬಲ್ಲ ದೂರದ ಊರಿಗೆ ಹೋಗೋಣವೆಂಬ ಆಸೆ ಸಹಜ. ಆದರೆ ಈ ರೋಗದಲ್ಲಿ ಗಡಿಯ ಯಾವ ಬದಿಯೆಂದು ನೋಡದೆ, ಸ್ಕ್ಯಾನ್ ಸೌಲಭ್ಯವುಳ್ಳ ಹತ್ತಿರದ ಆಸ್ಪತ್ರೆಗೆ ಮೊದಲು ಧಾವಿಸುವುದೇ ಜಾಣತನ.