ಕೈಗೆ ಸಿಗದ ಬೋಲ್ಟು

ಮೊನ್ನೆ ಮೊಮ್ಮಗ ರೇಸ್ ಮೋಟಾರ್ ಸೈಕಲ್ಲಿನ ಫೋಟೋ ತೋರಿಸಿ, "ಅಜ್ಜಾ, ಈ ಬೋಲ್ಟಿಗೆಲ್ಲಾ ತಂತಿ ಯಾಕ ಕಟ್ಟ್ಯಾರ?" ಎಂದು ಕೇಳಿದ.

ಅದು ಕಾವಲು ತಂತಿ. ಸ್ಟೇನ್‌ಲೆಸ್ ಸ್ಟೀಲಿನದು, ದಪ್ಪ ಸುಮಾರು 0.8 ಮಿಲಿಮೀಟರ್. ಬೋಲ್ಟಿನ ತಲೆಗೆ ತೂತು ಕೊರೆದು, ತಂತಿ ಪೋಣಿಸಿ, ಹುರಿ ಹೊಸೆದು ಪಕ್ಕದ ಗಟ್ಟಿ ಭಾಗಕ್ಕೆ ಕಟ್ಟುತ್ತಾರೆ. ಬಿಗಿ ಮಾಡುವುದು ಪಾನಾದ ಕೆಲಸ. ಎಂಜಿನ್ನಿನ ನಡುಕಕ್ಕೆ ಬೋಲ್ಟು ಬಿಚ್ಚಿಕೊಳ್ಳದಂತೆ ಕಾಯುವುದು ತಂತಿಯ ಕೆಲಸ. ಆದ್ದರಿಂದ ತಂತಿ ಯಾವಾಗಲೂ ಬಿಗಿಯಾಗುವ ದಿಕ್ಕಿಗೇ ಎಳೆಯುವಂತಿರಬೇಕು. ಉಲ್ಟಾ ಕಟ್ಟಿದರೆ ಇದ್ದೂ ಇಲ್ಲದಂತೆ.

ಕಷ್ಟವಿರುವುದು ಎಂಜಿನ್ನಿನ ಅಡಿಯಲ್ಲಿ, ಸೈಲೆನ್ಸರ್ ಪೈಪಿನ ಹಿಂದೆ ಅಡಗಿದ ಆಯಿಲ್ ಬೋಲ್ಟಿನಲ್ಲಿ. ಬಲ್ಲ ಮಿಸ್ತ್ರಿ ಮೊದಲು ಅದನ್ನು ಪೂರ್ತಿ ಬಿಗಿದು, ಕೈಗೆ ಸಿಗುವ ಮುಖಕ್ಕೆ ಗುರುತು ಹಾಕುತ್ತಾನೆ. ಬಳಿಕ ಬಿಚ್ಚಿ, ಮೇಜಿನ ಮೇಲೆ ಹಿಡಿದು, ಗುರುತಿನಲ್ಲೇ ತೂತು ಕೊರೆಯುತ್ತಾನೆ. ಡಬ್ಬಿಯಂಥ ಆಯಿಲ್ ಫಿಲ್ಟರಿಗೆ ತೂತು ಕೊರೆಯುವಂತಿಲ್ಲ. ಸುತ್ತ ಪೈಪ್ ಕ್ಲಿಪ್ಪು ಬಿಗಿದು, ಆ ಕ್ಲಿಪ್ಪಿಗೆ ತಂತಿ ಕಟ್ಟುತ್ತಾನೆ. ಕೊನೆಗೆ ತಂತಿಯ ತುದಿಯನ್ನು ಒಳಕ್ಕೆ ಮಡಚುತ್ತಾನೆ, ಇಲ್ಲದಿದ್ದರೆ ಮುಂದೆ ಕೈ ಹಾಕಿದವನಿಗೆ ಗಾಯ.

ಇಷ್ಟು ಶ್ರಮ ಯಾಕೆ? ಆ ಬೋಲ್ಟು ಕಳಚಿದರೆ ಎಣ್ಣೆ ದಾರಿಗೆ ಚೆಲ್ಲುತ್ತದೆ. ತಪ್ಪು ಮಾಡಿದವನು ಮುಂದೆ ಹೋಗಿಬಿಡಬಹುದು. ಹಿಂದೆ ಬರುವವನು ಜಾರಿ ಬೀಳುತ್ತಾನೆ. ಅದಕ್ಕೇ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಐಎಂ ರಸ್ತೆ ರೇಸುಗಳ ನಿಯಮದಲ್ಲಿ ಆಯಿಲ್ ಬೋಲ್ಟಿಗೆ ತಂತಿ ಕಡ್ಡಾಯ ಮಾಡಿದೆ.

ನಮ್ಮ ಮನೆಯ ಗಾಡಿಗಳಿಗೆ ತಂತಿ ಬೇಕಿಲ್ಲ. ಆದರೆ ಸರ್ವಿಸಿಂಗ್ ಆಗಿ ಬಂದ ಮರುದಿನ, ಗಾಡಿ ನಿಂತ ನೆಲದಲ್ಲಿ ಎಣ್ಣೆಯ ಹನಿ ಬಿದ್ದಿದೆಯೇ ಎಂದು ಒಮ್ಮೆ ಬಗ್ಗಿ ನೋಡಿರಿ. ನಮ್ಮ ಹಿಂದೆ ಬರುವವನೂ ಯಾರದೋ ಮನೆಯ ಮಗನೇ.