ಅಮ್ಮನ ಚಹಾಕ್ಕೆ ಸಕ್ಕರೆ ಬೇಡವೇ?



ಕಳೆದ ತಿಂಗಳು ಮನೆಯವರೊಂದಿಗೆ ನೆರೆಯ ಹಿರಿಯ ತಾಯಿಯೊಬ್ಬರನ್ನು ನೋಡಲು ಹೋಗಿದ್ದೆ. ಕ್ಯಾನ್ಸರ್‌ಗೆ ಕೀಮೋ ನಡೆಯುತ್ತಿದೆ. ಮೈ ತೀರಾ ಇಳಿದಿತ್ತು. ನಮಗೆ ಚಹಾ ಬಂತು. ಅವರಿಗೆ ಸಪ್ಪೆ ಕಷಾಯ. ಖರ್ಜೂರ, ಬಾಳೆಹಣ್ಣು, ಕೊನೆಗೆ ಅನ್ನವನ್ನೂ ಮಗಳು ನಿಲ್ಲಿಸಿಬಿಟ್ಟಿದ್ದಳು. "ಸಕ್ಕರೆಯೇ ಕ್ಯಾನ್ಸರ್‌ನ ಆಹಾರವಂತೆ ಉಸ್ತಾದರೇ, ಮೊಬೈಲಿನಲ್ಲಿ ಬಂದಿತ್ತು" ಎಂದಳು. ಪ್ರೀತಿಯಿಂದಲೇ ಮಾಡಿದ್ದಳು. ಆದರೆ ಆ ತಾಯಿ ಹಸಿದಿದ್ದರು.

ಮಾತು ಪೂರ್ತಿ ಸುಳ್ಳಲ್ಲ, ತೊಡಕು ಇರುವುದೇ ಅಲ್ಲಿ. ಕ್ಯಾನ್ಸರ್ ಕೋಶಗಳು ಗ್ಲುಕೋಸನ್ನು ವಿಪರೀತವಾಗಿ ಕಬಳಿಸುತ್ತವೆ ಎಂಬುದನ್ನು 1920ರ ದಶಕದಲ್ಲೇ ಜರ್ಮನಿಯ ಓಟ್ಟೋ ವಾರ್‌ಬುರ್ಗ್ ಕಂಡುಕೊಂಡರು. ಆಮ್ಲಜನಕ ಸಾಕಷ್ಟಿದ್ದರೂ ಅವು ಗ್ಲುಕೋಸನ್ನು ಪೂರ್ತಿ ಉರಿಸದೆ, ಬಹುಪಾಲನ್ನು ಲ್ಯಾಕ್ಟಿಕ್ ಆಮ್ಲವಾಗಿ ಹೊರಚೆಲ್ಲುತ್ತವೆ. ಪೆಟ್ ಸ್ಕ್ಯಾನ್‌ನಲ್ಲಿ ಗ್ಲುಕೋಸಿನಂಥದೇ ಒಂದು ವಸ್ತುವನ್ನು ಚುಚ್ಚಿ, ಗಡ್ಡೆ ಎಲ್ಲಿದೆಯೆಂದು ಹುಡುಕುವುದು ಇದೇ ಕಾರಣಕ್ಕೆ.

ಈ ದುರಾಸೆಗೆ ಅಪ್ಪಣೆ ಕೊಡುವವರು ಯಾರು? ನಮ್ಮ ಪ್ರತಿ ಜೀವಕೋಶದಲ್ಲೂ ಜೀನ್‌ಗಳ ದೊಡ್ಡ ಗ್ರಂಥವೊಂದಿದೆ ಎಂದುಕೊಳ್ಳಿ. ಯಾವಾಗ ಯಾವ ಪುಟ ತೆರೆಯಬೇಕೆಂದು ನಿರ್ಧರಿಸುವ ಪ್ರೋಟೀನುಗಳಿಗೆ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಎಂದು ಹೆಸರು. ಹೆಸರು ಬಾಯಿ ತಿರುಗದಂಥದ್ದು, ಕೆಲಸ ಮಾತ್ರ ನಮ್ಮ ಅಡುಗೆಮನೆಯ ಯಜಮಾನಿಯದೇ! ಅವುಗಳಲ್ಲಿ ಹಿಫ್ ಎಂಬುದೊಂದು. ಆಮ್ಲಜನಕ ಕಡಿಮೆಯಾದಾಗ ಅದು ಎದ್ದು, ಗ್ಲುಕೋಸ್ ಒಳಬರುವ ಬಾಗಿಲುಗಳನ್ನು ಹೆಚ್ಚಿಸುತ್ತದೆ, ಆಮ್ಲಜನಕವಿಲ್ಲದೆಯೇ ಒಲೆ ಉರಿಯುವ ಏರ್ಪಾಡು ಮಾಡುತ್ತದೆ. ಉಸಿರು ಸರಿಯಾದೊಡನೆ ವಿಎಚ್‌ಎಲ್ ಎಂಬ ಇನ್ನೊಂದು ಪ್ರೋಟೀನು ಅದನ್ನು ಹಿಡಿದು, ಕೆಲವೇ ನಿಮಿಷಗಳಲ್ಲಿ ನಾಶಕ್ಕೆ ಕಳಿಸುತ್ತದೆ. ಇದನ್ನು ಬಿಡಿಸಿ ತೋರಿಸಿದ ಸೆಮೆನ್ಜಾ, ರಾಟ್‌ಕ್ಲಿಫ್, ಕೇಲಿನ್ ಎಂಬ ಮೂವರಿಗೆ 2019ರಲ್ಲಿ ನೊಬೆಲ್ ಬಂತು.

ಮೂತ್ರಪಿಂಡದ ಕ್ಯಾನ್ಸರ್‌ನ ಒಂದು ಸಾಮಾನ್ಯ ಬಗೆಯಲ್ಲಿ ಈ ವಿಎಚ್‌ಎಲ್ ಕೆಟ್ಟುಹೋಗಿರುತ್ತದೆ. ಆಗ ಹಿಫ್‌ಗೆ ಅಂಕೆಯಿಲ್ಲ. ಆಮ್ಲಜನಕವಿದ್ದರೂ "ಇನ್ನೂ ತನ್ನಿ" ಎನ್ನುತ್ತಲೇ ಇರುತ್ತದೆ. ಬೇರೆ ಅನೇಕ ಕ್ಯಾನ್ಸರ್‌ಗಳಲ್ಲಿ ಮಿಕ್ ಎಂಬ ಫ್ಯಾಕ್ಟರ್ ಹೀಗೆಯೇ ಹದ ತಪ್ಪಿರುತ್ತದೆ. ಅದು ಗ್ಲುಕೋಸ್ ಮಾತ್ರವಲ್ಲ, ಗ್ಲುಟಮಿನ್ ಎಂಬ ಅಮೈನೋ ಆಮ್ಲವನ್ನೂ ಎಳೆದುಕೊಳ್ಳಲು ಹಚ್ಚುತ್ತದೆ.

ಅಂದರೆ ಕೆಟ್ಟಿರುವುದು ಕೋಶದೊಳಗಿನ ಸ್ವಿಚ್ಚು, ನಿಮ್ಮ ಸಕ್ಕರೆ ಡಬ್ಬಿಯಲ್ಲ. ಸಿಹಿ ನಿಲ್ಲಿಸಿದರೂ ರಕ್ತದಲ್ಲಿ ಗ್ಲುಕೋಸ್ ಬತ್ತುವುದಿಲ್ಲ, ಮೆದುಳಿಗೆ ಅದು ಬೇಕೇ ಬೇಕು. ಪಿತ್ತಜನಕಾಂಗ ಅದನ್ನು ತಯಾರಿಸುತ್ತಲೇ ಇರುತ್ತದೆ. ಊಟ ಸಾಲದಿದ್ದರೆ ಸ್ನಾಯುಗಳನ್ನೇ ಕರಗಿಸಿ ತಯಾರಿಸುತ್ತದೆ. ಗಡ್ಡೆ ಉಪವಾಸ ಬೀಳುವುದಿಲ್ಲ, ತಾಯಿ ಸೊರಗುತ್ತಾರೆ. ಮೈ ಸೊರಗಿದವರಿಗೆ ಕೀಮೋ ತಾಳಿಕೊಳ್ಳುವುದೂ ಕಷ್ಟ.

ಸ್ವಿಚ್ಚಿಗೇ ಕೈಹಾಕುವ ಮದ್ದೂ ಬಂದಿದೆ. ಹಿಫ್‌ನ ಸೋದರ ಪ್ರೋಟೀನನ್ನು ತಡೆಯುವ ಬೆಲ್ಜುಟಿಫಾನ್ ಎಂಬ ಮಾತ್ರೆಗೆ 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಆದರೆ ಅದು ಕೆಲವೇ ಕಾಯಿಲೆಗಳಿಗೆ, ಎಲ್ಲ ಕ್ಯಾನ್ಸರ್‌ಗೂ ಅಲ್ಲ.

ಸಕ್ಕರೆ ಕಾಯಿಲೆಯೂ ಇದ್ದವರ ಪಥ್ಯದ ಮಾತು ಬೇರೆ, ಅದನ್ನು ವೈದ್ಯರೇ ಹೇಳಬೇಕು. ಈ ತಾಯಿಗೆ ಅದಿರಲಿಲ್ಲ. ಮಗಳು ಮರುದಿನವೇ ಆಸ್ಪತ್ರೆಯಲ್ಲಿ ವಿಚಾರಿಸಿದಳು; ಅನ್ನ ಬಿಡಿಸಿ ಎಂದು ಅಲ್ಲಿ ಯಾರೂ ಹೇಳಿಯೇ ಇರಲಿಲ್ಲ. ಮನೆಗೆ ಬಂದು, "ಏನು ಮಾಡಿಕೊಡಲಿ ಉಮ್ಮ?" ಎಂದು ಕೇಳಿದಳಂತೆ. ಅವರು ಕೇಳಿದ್ದು ಕುಚ್ಚಲಕ್ಕಿ ಗಂಜಿ, ಜೊತೆಗೊಂದು ತುಂಡು ಹುರಿದ ಬಂಗುಡೆ.