ಮೊಬೈಲ್ ಕವರಿಗೂ ಆಕಾಶವೇ ಬೇಕೆ?

ಬೆಂಗಳೂರಿನಲ್ಲಿ ಶುರುವಾಗಿರುವ ಡ್ರೋನ್ ಪಾರ್ಸೆಲ್ ನಮ್ಮ ಕರಾವಳಿಗೂ ಬರಲಿ, ಅದು ಪರಿಸರಸ್ನೇಹಿ ಎನ್ನುವವರಿಗೆ ನನ್ನದೊಂದೇ ಪ್ರಶ್ನೆ: ಯಾವುದಕ್ಕೆ ಹೋಲಿಸಿ?

ಡ್ರೋನ್ ಹೊಗೆ ಬಿಡುವುದಿಲ್ಲ, ನಿಜ. ಸಣ್ಣ ಪೊಟ್ಟಣವನ್ನು ಡೀಸೆಲ್ ಟ್ರಕ್ಕಿನ ಬದಲು ಡ್ರೋನ್ ಒಯ್ದರೆ ಹಸಿರುಮನೆ ಅನಿಲ ಶೇ. 84ರಷ್ಟು ತಗ್ಗುತ್ತದೆ ಎಂದು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಲೆಕ್ಕ ಹಾಕಿದ್ದಾರೆ. ಆದರೆ ಬೈಂದೂರು, ಕುಂದಾಪುರ, ಬ್ರಹ್ಮಾವರದ ಒಳಊರುಗಳಲ್ಲಿ ಮನೆಬಾಗಿಲಿಗೆ ಬರುವುದು ಟ್ರಕ್ಕಲ್ಲ. ಹತ್ತಾರು ಪಾರ್ಸೆಲ್ ಒಟ್ಟಿಗೆ ಹೇರಿಕೊಂಡ ಹುಡುಗನ ಬೈಕು. ಅದಕ್ಕೂ ಮೊದಲಿನಿಂದ ನಮಗೆ ಸರ್ವಿಸ್ ಬಸ್ಸಿದೆ. ಔಷಧಿಯೋ ಪಂಪಿನ ಬಿಡಿಭಾಗವೋ ಕಂಡಕ್ಟರ್ ಕೈಗೆ ಕೊಟ್ಟರೆ ಸ್ಟಾಪಿನಲ್ಲಿ ಇಳಿಸುತ್ತಾರೆ. ಬಸ್ಸು ಹೇಗೂ ಹೋಗುವುದೇ. ಆ ಪೊಟ್ಟಣಕ್ಕೆಂದು ಸುಟ್ಟ ಡೀಸೆಲ್ ಇಲ್ಲವೆನ್ನುವಷ್ಟು ಕಡಿಮೆ.

ಡ್ರೋನ್ ಸಾಮಾನ್ಯವಾಗಿ ಒಂದು ಪೊಟ್ಟಣ ಇಳಿಸಿ ಖಾಲಿ ಮರಳುತ್ತದೆ. ಬಹುದೂರ ಹಾರಲಾರದ್ದರಿಂದ ಅಲ್ಲಲ್ಲಿ ಹೊಸ ಗೋದಾಮು ಬೇಕು. ಗೋದಾಮುಗಳ ವಿದ್ಯುತ್ತು ಈ ಉಳಿತಾಯವನ್ನು ನುಂಗೀತು ಎಂದು 2018ರಲ್ಲೇ ‘ನೇಚರ್ ಕಮ್ಯುನಿಕೇಷನ್ಸ್’ ಪತ್ರಿಕೆಯ ಅಧ್ಯಯನವೊಂದು ಎಚ್ಚರಿಸಿತ್ತು. ಇನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ಗಾಳಿಮಳೆಗೆ ಡ್ರೋನ್ ಎಷ್ಟು ದಿನ ಮೇಲೇಳೀತು? ಆಗ ಮತ್ತೆ ಬೈಕೇ ಗತಿ. ಅಂದರೆ ಎರಡೆರಡು ವ್ಯವಸ್ಥೆ, ಮೇಲೆ ಬ್ಯಾಟರಿ ಕಸ.

ಆಕಾಶವೂ ಖಾಲಿ ಬಿದ್ದಿಲ್ಲ. 2021ರಲ್ಲಿ ಕ್ಯಾಲಿಫೋರ್ನಿಯಾದ ಬೋಲ್ಸಾ ಚಿಕಾ ಜೌಗು ಪ್ರದೇಶದಲ್ಲಿ ಡ್ರೋನೊಂದು ಬಿದ್ದು, ಬೆದರಿದ ಟರ್ನ್ ಹಕ್ಕಿಗಳು ಸಾವಿರಕ್ಕೂ ಹೆಚ್ಚು ಮೊಟ್ಟೆ ಬಿಟ್ಟು ಹಾರಿಹೋದವು. ಅದೇ ವರ್ಷ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ, ಗೂಡು ಕಟ್ಟಿದ್ದ ಕಾಗೆ ಜಾತಿಯ ಹಕ್ಕಿಗಳು ಎರಗಿದ್ದರಿಂದ ಒಂದು ಬಡಾವಣೆಯಲ್ಲಿ ಡ್ರೋನ್ ಪಾರ್ಸೆಲ್ ತಾತ್ಕಾಲಿಕವಾಗಿ ನಿಂತಿತು. ನಮ್ಮ ಪಂಚಗಂಗಾವಳಿಯ ಕಾಂಡ್ಲಾ ವನದ ಮೇಲೆ, ಮೂಕಾಂಬಿಕಾ ಅಭಯಾರಣ್ಯದ ಅಂಚಿನಲ್ಲಿ ದಿನವಿಡೀ ಇವು ಗುಂಯ್‌ಗುಟ್ಟಿದರೆ ಅಲ್ಲಿನ ಹಕ್ಕಿಗಳ ಪರವಾಗಿ ಆಕ್ಷೇಪಣೆ ಸಲ್ಲಿಸುವವರು ಯಾರು?

ಡ್ರೋನೇ ಬೇಡ ಎನ್ನುತ್ತಿಲ್ಲ. ನಮ್ಮ ಜಿಲ್ಲೆಯಲ್ಲೇ ಐಸಿಎಂಆರ್ ಮತ್ತು ಮಣಿಪಾಲದ ಕೆಎಂಸಿ ಸೇರಿ, ಶಸ್ತ್ರಚಿಕಿತ್ಸೆಯ ನಡುವೆ ತೆಗೆದ ಅಂಗಾಂಶದ ಮಾದರಿಯನ್ನು ಕಾರ್ಕಳದಿಂದ ಮಣಿಪಾಲಕ್ಕೆ ಡ್ರೋನಿನಲ್ಲಿ ಸಾಗಿಸಿ ನೋಡಿವೆ. ರೋಗಿ ಮೇಜಿನ ಮೇಲಿರುವಾಗ ಉಳಿದ ಒಂದೊಂದು ನಿಮಿಷಕ್ಕೂ ಬೆಲೆಯಿದೆ. ಮೊಬೈಲ್ ಕವರಿಗೆ, ಚಿಪ್ಸ್ ಪ್ಯಾಕೆಟ್ಟಿಗೆ ಎಂತಕ್ಕೆ ಅಷ್ಟ್ ಅರ್ಜೆಂಟ್ ಮಾರಾಯ್ರೆ?

ಆದ್ದರಿಂದ ರಕ್ತ, ಔಷಧಿ, ನೆರೆಯಲ್ಲಿ ಸಿಕ್ಕಿಬಿದ್ದವರಿಗೆ ಆಹಾರ, ಇಷ್ಟಕ್ಕೆ ಡ್ರೋನ್ ಹಾರಲಿ. ಉಳಿದದ್ದಕ್ಕೆ ಅನುಮತಿ ಕೊಡುವ ಮೊದಲು ಪಂಚಾಯಿತಿಯನ್ನು ಕೇಳಲಿ, ಹಕ್ಕಿಗಳ ಸಮೀಕ್ಷೆ ಮಾಡಿಸಲಿ. ನಮ್ಮ ಪಾರ್ಸೆಲ್ ಸಂಜೆಯ ಬಸ್ಸಿಗೆ ಬಂದರೆ ಸಾಕು.